ಹಳದಿ ಕರಿಸಲಾಂಗಣ್ಣಿ: ಗುರುತು, ಬೇಸಾಯ, ಬಳಕೆ

ಚೆನ್ನೈನ ಸೊಪ್ಪಿನ ಅಂಗಡಿಗಳಲ್ಲಿ ‘ಮಂಜಳ್ ಕರಿಸಲಾಂಗಣ್ಣಿ’ ಎಂಬ ಹೆಸರಿನಿಂದ ಮಾರಾಟವಾಗುವ ಸೊಪ್ಪು ಗಿಂಡಿಯ ಕನ್ನಡ ಕುಟುಂಬಗಳಿಗೆ ಅಷ್ಟಾಗಿ ಪರಿಚಿತವಲ್ಲ. ಕನ್ನಡ ನಾಡಿನಲ್ಲಿ ತಲೆಗೆಣ್ಣೆಗೆ ಬಳಸುವ ಗರುಗ ಬಿಳಿ ಹೂವಿನದು. ಇದು ಅದರ ಹಳದಿ ಹೂವಿನ ನಂಟ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ವೆಡೇಲಿಯಾ ಚೈನೆನ್ಸಿಸ್ ಎಂದು ಹೆಸರು. ಕೆರೆಯಂಚು, ಕಾಲುವೆಯ ಬದಿ, ಗದ್ದೆಯ ಬದುಗಳೇ ಇದರ ತವರು. ವಳ್ಳಲಾರ್ ಎಂದು ಪ್ರಸಿದ್ಧರಾದ ರಾಮಲಿಂಗ ಸ್ವಾಮಿಗಳು (1823–1874) ಕರಿಸಲಾಂಗಣ್ಣಿಯನ್ನು ಆಹಾರದಲ್ಲಿ ಸೇರಿಸಿಕೊಳ್ಳುವಂತೆ ಉಪದೇಶಿಸಿದುದರಿಂದ ತಮಿಳುನಾಡಿನಲ್ಲಿ ಈ ಸೊಪ್ಪಿಗೆ ವಿಶೇಷ ಮನ್ನಣೆಯುಂಟು.

ಬೆಳೆಸುವ ಮುನ್ನ ಗುರುತಿಸುವುದು ಅತ್ಯವಶ್ಯ. ರಸ್ತೆಯ ನಡುವಣ ಪಾತಿಗಳಲ್ಲಿಯೂ ಕಚೇರಿಗಳ ಅಂಗಳದಲ್ಲಿಯೂ ಹಬ್ಬಿರುವ, ಮಿರುಗುವ ಎಲೆಯ ಹಳದಿ ಹೂಬಳ್ಳಿಯನ್ನು ಅನೇಕರು ಇದೇ ಎಂದು ಭ್ರಮಿಸುತ್ತಾರೆ. ಅದು ಅಮೆರಿಕ ಖಂಡದಿಂದ ಬಂದ ಅಲಂಕಾರದ ಗಿಡ, ಅಡುಗೆಗೆ ಸಲ್ಲದು. ಅದರ ಎಲೆಗೆ ಸಾಮಾನ್ಯವಾಗಿ ಮೂರು ಹಾಲೆಗಳಿರುತ್ತವೆ. ನಿಜವಾದ ಕರಿಸಲಾಂಗಣ್ಣಿಯ ಎಲೆ ನೀಳವಾಗಿ, ಹಾಲೆಗಳಿಲ್ಲದೆ, ಮುಟ್ಟಿದರೆ ಒರಟಾಗಿರುತ್ತದೆ.

ಕಾಮಾಲೆಗೆ ಇದೇ ಮದ್ದೆಂಬ ನಂಬಿಕೆ ಬಹಳ ಹಳೆಯದು. ಇದರಲ್ಲಿರುವ ವೆಡೆಲೋಲ್ಯಾಕ್ಟೋನ್ ಎಂಬ ವಸ್ತು ಪ್ರಯೋಗಾಲಯದ ಪ್ರಾಣಿಗಳಲ್ಲಿ ಯಕೃತ್ತಿಗೆ ರಕ್ಷಣೆ ನೀಡಿರುವುದುಂಟು; ಆದರೆ ಅಷ್ಟರಿಂದಲೇ ಮನುಷ್ಯನ ರೋಗಕ್ಕೆ ಔಷಧಿ ಸಿದ್ಧವಾದಂತಲ್ಲ. ಕಲುಷಿತ ನೀರಿನಿಂದ ಬರುವ ‘ಎ’ ವರ್ಗದ ಯಕೃತ್ ಉರಿಯೂತ ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಆ ಕೀರ್ತಿ ಸೊಪ್ಪಿನ ಖಾತೆಗೆ ಜಮೆಯಾಗುತ್ತದೆ! ಪಿತ್ತಕೋಶದ ಕಲ್ಲಿನಿಂದಲೂ ಕಾಮಾಲೆ ಬರಬಹುದು. ಗರ್ಭಿಣಿಯರಿಗೆ ‘ಇ’ ವರ್ಗದ ಉರಿಯೂತ ಪ್ರಾಣಾಪಾಯಕರ. ಆದುದರಿಂದ ಕಣ್ಣು ಹಳದಿಯಾದೊಡನೆ ರಕ್ತಪರೀಕ್ಷೆಯಾಗಬೇಕು. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿನ ಆವರಣದಲ್ಲಿಯೇ 2023ರಲ್ಲಿ ಸರ್ಕಾರದ ದೊಡ್ಡ ಆಸ್ಪತ್ರೆ ಆರಂಭವಾಗಿರುವಾಗ ಸೊಪ್ಪನ್ನು ಅರೆಯುತ್ತ ದಿನ ಕಳೆಯುವುದು ಸಲ್ಲದು. ಇದು ಆಹಾರವಾಗಿ ಇರಲಿ.

ಬೇಸಾಯ ಸುಲಭ. ಅಂಗಡಿಯ ಕಟ್ಟಿನಲ್ಲಿ ಬೇರು ಅಥವಾ ಬಲಿತ ಗಿಣ್ಣುಗಳಿರುವ ತುಂಡುಗಳನ್ನು ಆರಿಸಿ, ಅಗಲವಾದ ಕುಂಡದಲ್ಲಿ ಜೇಡಿಮಣ್ಣು ಮತ್ತು ಕೊಳೆತ ಗೊಬ್ಬರ ಬೆರೆಸಿ, ಎರಡು ಗಿಣ್ಣು ಮಣ್ಣಿನೊಳಗಿರುವಂತೆ ನೆಡಬೇಕು. ಗಿಣ್ಣುಗಿಣ್ಣಿಗೂ ಬೇರು ಬಿಡುವುದು ಇದರ ಸ್ವಭಾವ. ಬೆಳಗಿನ ಬಿಸಿಲು ಸಾಕು. ಮೇ ತಿಂಗಳ ಬೇಗೆಯಲ್ಲಿ ಎರಡು ಹೊತ್ತು ನೀರು ಬೇಕು. ಮಣ್ಣು ಒಣಗಿದರೆ ಎಲೆ ಬಾಡಿ ಸುರುಟುತ್ತದೆ. ಜೌಗು ಗಿಡವೆಂದು ತಟ್ಟೆಯಲ್ಲಿ ನೀರು ನಿಲ್ಲಿಸುವವರಿದ್ದಾರೆ. ಅದು ಡೆಂಗೆ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ. ಅಡ್ಯಾರ್ ನದಿಯ ದಡದಿಂದ ತಂದ ಸೊಪ್ಪನ್ನು ತಿನ್ನಲಾಗದು, ಅಲ್ಲಿ ಹರಿಯುವ ನೀರಿನಲ್ಲಿ ಚರಂಡಿಯ ಪಾಲೂ ಇದೆ. ಎಲೆಯನ್ನೇ ತಿನ್ನುವುದರಿಂದ ಕೀಟನಾಶಕವೂ ಬೇಡ; ಹುಳು ಕಂಡರೆ ಕೈಯಿಂದ ಆರಿಸಿ ತೆಗೆಯಬೇಕು.

ಹಂಬು ಒಂದು ಗೇಣು ಬೆಳೆದ ಬಳಿಕ ತುದಿಯನ್ನಷ್ಟೇ ಚಿವುಟುವುದು ಲೇಸು: ಬಡ್ಡಿ ಕೈಸೇರುತ್ತದೆ, ಅಸಲು ಉಳಿಯುತ್ತದೆ. ಹಲವು ನೀರಿನಲ್ಲಿ ತೊಳೆದು, ಹೆಸರುಬೇಳೆಯೊಡನೆ ಬೇಯಿಸಿ, ಜೀರಿಗೆ ಮೆಣಸಿನ ಒಗ್ಗರಣೆ ಕೊಟ್ಟರೆ ತೊವ್ವೆ ಸಿದ್ಧ. ಎಲೆಯಲ್ಲಿ ತುಸು ಕಹಿಯಿರುವುದರಿಂದ ಮಕ್ಕಳಿಗೆ ಮೊದಲು ಸ್ವಲ್ಪವೇ ಬಡಿಸಬೇಕು.