ತೋಳ್ಬಲಕ್ಕೆ ಅಳತೆಗೋಲು ಯಾವುದು?

"ಹಿಂದಿನವರ ತೋಳಿನಲ್ಲಿದ್ದ ಕಸುವು ಈಗಿನವರಲ್ಲಿಲ್ಲ" ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಹಳ್ಳಿಯ ಜಗಲಿಯ ಮೇಲೆ ಹಿರಿಯರು ಈ ಮಾತನ್ನಾಡುತ್ತಾರೆ. ಕಾಲೇಜಿನ ಮೈದಾನದ ಬದಿಯಲ್ಲಿ ಕುಳಿತ ನಾವು ಇದನ್ನೇ ತಲೆಕೆಳಗು ಮಾಡಿ, "ಹಿಂದಿನವರದೂ ಒಂದು ಬೌಲಿಂಗೇ?" ಎನ್ನುತ್ತೇವೆ. ಆಧಾರವೇನೆಂದು ಕೇಳಿದರೆ ಎರಡು ಕಡೆಯವರೂ ಸುಮ್ಮನಾಗುತ್ತಾರೆ. ಒಂದು ಕಾಲದ ತೋಳನ್ನು ಇನ್ನೊಂದು ಕಾಲದ ತೋಳಿನೊಡನೆ ತೂಗಿ ನೋಡುವುದು ಸಾಧ್ಯವೇ, ಸಾಧ್ಯವಾದರೆ ಎಷ್ಟರ ಮಟ್ಟಿಗೆ ಎಂಬುದನ್ನು ನನ್ನ ತಿಳಿವಳಿಕೆಗೆ ಎಟುಕಿದಷ್ಟು ವಿವರಿಸುವುದೇ ಈ ಲೇಖನದ ಉದ್ದೇಶ.

ನನಗೆ ಈ ಪ್ರಶ್ನೆ ಹುಟ್ಟಿದ್ದು ಪುಸ್ತಕದಿಂದಲ್ಲ. ನಮ್ಮೂರು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಾಕನಕೋಟೆಯ ಕಾಡಿನ ಅಂಚಿನಲ್ಲಿದೆ. ನಮ್ಮ ತಾತ ವಯಸ್ಸಿನಲ್ಲಿದ್ದಾಗ ಹೊಲದ ಅಟ್ಟಣೆಯ ಮೇಲೆ ನಿಂತು, ಕವಣೆ ಬೀಸಿ, ತೆನೆಗೆ ಬರುವ ಹಕ್ಕಿಗಳನ್ನೂ ಹಂದಿಗಳನ್ನೂ ಓಡಿಸುತ್ತಿದ್ದರು. ಕಳೆದ ಬೇಸಗೆಯಲ್ಲಿ ನಾನು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದಾಗ ಅವರೂ ಪಕ್ಕದಲ್ಲಿ ಕುಳಿತಿದ್ದರು. "ನಾನು ಕವಣೆ ಬೀಸುದ್ರೆ ಕಲ್ಲು ಹಳ್ದಾಚೆ ಹುಣ್ಸೆಮರ ದಾಟ್ತಿತ್ತು ಕಣ್ ಮಗ. ಈ ಹುಡ್ಗ ಎಸ್ದುದ್ದು ಎಷ್ಟು ಹೋಯ್ತದೆ?" ಎಂದರು. ದೂರವಲ್ಲ ತಾತ, ವೇಗ. ಗಂಟೆಗೆ 140 ಕಿಲೋಮೀಟರು ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಅದ್ನ ಅಳ್ದೋರ್ಯಾರು?" ಎಂದು ಕೇಳಿದರು. ನನಗೆ ಉತ್ತರ ತಿಳಿದಿರಲಿಲ್ಲ. ಓದು ಬಾರದ ತಾತ ಕೇಳಿದ ಆ ಪ್ರಶ್ನೆಯೇ ಈ ವಿಷಯದ ಮೂಲವೆಂದು ಆಮೇಲೆ ತಿಳಿಯಿತು.

ಮೊದಲು ಅಳೆಯುವ ಬಗೆಯನ್ನು ನೋಡೋಣ. ಈಗ ದೂರದರ್ಶನದಲ್ಲಿ ಕಾಣುವ ವೇಗದ ಅಂಕಿಯನ್ನು ಬಹುಮಟ್ಟಿಗೆ ರೇಡಾರ್ ಯಂತ್ರವು ಕೊಡುತ್ತದೆ. ಯಂತ್ರದಿಂದ ಹೊರಟ ರೇಡಿಯೋ ಅಲೆಗಳು ಚೆಂಡಿಗೆ ತಾಗಿ ಹಿಂದಿರುಗುವಾಗ ಅವುಗಳ ಕಂಪನಸಂಖ್ಯೆ ಬದಲಾಗಿರುತ್ತದೆ. ನಮ್ಮತ್ತ ಬರುವ ರೈಲಿನ ಸಿಳ್ಳು ಕೀರಲಾಗಿಯೂ, ದಾಟಿ ಹೋದ ರೈಲಿನದು ದಪ್ಪವಾಗಿಯೂ ಕೇಳಿಸುವುದಷ್ಟೆ. ಇದೂ ಅದೇ ತತ್ತ್ವ. ಆ ಬದಲಾವಣೆಯಿಂದ ಯಂತ್ರವು ಚೆಂಡಿನ ವೇಗವನ್ನು ಲೆಕ್ಕಹಾಕುತ್ತದೆ. ಪಂದ್ಯಗಳಲ್ಲಿ ಇದರ ಬಳಕೆ ಸಾಮಾನ್ಯವಾದದ್ದು 1990ರ ದಶಕದ ಕೊನೆಯಿಂದೀಚೆಗೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಅಂಕಿ ಚೆಂಡು ಕೈಬಿಟ್ಟ ಕ್ಷಣದ ವೇಗವೇ ಹೊರತು ದಾಂಡಿಗನನ್ನು ಮುಟ್ಟುವಾಗಿನ ವೇಗವಲ್ಲ. ಗಾಳಿಯ ತಡೆಯಿಂದ ಚೆಂಡು ನಿಧಾನವಾಗುತ್ತದೆ. ನೆಲಕ್ಕೆ ಬಡಿದ ಮೇಲೆ ಇನ್ನಷ್ಟು ನಿಧಾನವಾಗುತ್ತದೆ. ಹಿಂದಿನ ಕೆಲವು ಪರೀಕ್ಷೆಗಳಲ್ಲಾದರೋ ಚೆಂಡು ಇಷ್ಟು ದೂರವನ್ನು ಇಷ್ಟು ಹೊತ್ತಿನಲ್ಲಿ ಕ್ರಮಿಸಿತೆಂದು ಸರಾಸರಿ ವೇಗವನ್ನು ತೆಗೆಯುತ್ತಿದ್ದರು. ಸರಾಸರಿಯು ಕೈಬಿಟ್ಟಾಗಿನ ವೇಗಕ್ಕಿಂತ ಕಡಿಮೆ ಬರಲೇಬೇಕು. ಹಾಗಿರುವಾಗ ಹಳೆಯ ಅಂಕಿಯ ಪಕ್ಕದಲ್ಲಿ ಹೊಸ ಅಂಕಿಯನ್ನಿಟ್ಟು ಹೋಲಿಸುವುದೆಂದರೆ, ಸೇರಿನಲ್ಲಿ ಅಳೆದ ರಾಗಿಯನ್ನು ತಕ್ಕಡಿಯಲ್ಲಿ ತೂಗಿದ ರಾಗಿಯೊಡನೆ ಹೋಲಿಸಿದಂತಾಗುತ್ತದೆ.

ಅಳತೆಯೇ ಇಲ್ಲದ ಕಾಲದ ಬೌಲರನ್ನು ಹಳೆಯ ಚಲನಚಿತ್ರದ ತುಣುಕಿನಿಂದ ಅಳೆಯಬಹುದಲ್ಲವೇ ಎಂದು ಕೆಲವರು ಕೇಳಬಹುದು. ಲೆಕ್ಕಮಾಡಿ ನೋಡೋಣ. ಬೌಲರನ ಕೈಯಿಂದ ದಾಂಡಿಗನ ಗೆರೆಗೆ ಸುಮಾರು 17.7 ಮೀಟರು. ಗಂಟೆಗೆ 144 ಕಿಲೋಮೀಟರೆಂದರೆ ಸೆಕೆಂಡಿಗೆ 40 ಮೀಟರು. ಗಾಳಿಯ ತಡೆಯನ್ನು ಬದಿಗಿಟ್ಟರೆ, ಚೆಂಡಿಗೆ ಈ ದೂರ ಕ್ರಮಿಸಲು 0.44 ಸೆಕೆಂಡು ಸಾಕು. ಸಾಮಾನ್ಯ ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು; ಆದುದರಿಂದ ಇಡೀ ಎಸೆತವು 10 ಅಥವಾ 11 ಚಿತ್ರಗಳಲ್ಲಿ ಮುಗಿದುಹೋಗುತ್ತದೆ. 10 ಎಂದು ಎಣಿಸಿದರೆ ವೇಗ 153 ಕಿಲೋಮೀಟರು. 11 ಎಂದು ಎಣಿಸಿದರೆ 139. ಒಂದೇ ಚಿತ್ರದ ಎಣಿಕೆ ತಪ್ಪಿದರೆ ಸಾಧಾರಣ ಬೌಲರನು ಮಹಾವೇಗಿಯಾಗುತ್ತಾನೆ, ಮಹಾವೇಗಿ ಸಾಧಾರಣನಾಗುತ್ತಾನೆ!

ಹೊರದೇಶದ ಉದಾಹರಣೆಗಳನ್ನು ನೋಡೋಣ. ಇಂಗ್ಲೆಂಡಿನ ಫ್ರಾಂಕ್ ಟೈಸನ್ ಅವರ ಬೌಲಿಂಗನ್ನು 1955ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಅಳೆದಾಗ ಗಂಟೆಗೆ 89 ಮೈಲಿ, ಅಂದರೆ ಸುಮಾರು 143 ಕಿಲೋಮೀಟರು ಬಂದಿತು. ಆಸ್ಟ್ರೇಲಿಯದ ಜೆಫ್ ಥಾಮ್ಸನ್ 1975ರಲ್ಲಿ ಪರ್ತ್ ನಗರದಲ್ಲಿ ಅತಿವೇಗದ ಕ್ಯಾಮರಾಗಳ ಮುಂದೆ 160 ಕಿಲೋಮೀಟರನ್ನು ದಾಟಿದರು. ಅದೇ ಥಾಮ್ಸನ್ ಆ ದಶಕದ ಕೊನೆಯಲ್ಲಿ ನಡೆದ ವೇಗದ ಸ್ಪರ್ಧೆಯಲ್ಲಿ 147.9 ಕಿಲೋಮೀಟರು ಎಸೆದು ಮೊದಲಿಗರಾದರು. ನಡುವೆ, 1976ರಲ್ಲಿ, ಸಹ ಆಟಗಾರನಿಗೆ ಡಿಕ್ಕಿ ಹೊಡೆದು ಅವರ ಭುಜಕ್ಕೆ ಪೆಟ್ಟಾಗಿತ್ತು. ಕುಗ್ಗಿದ್ದು ತೋಳೋ, ಬದಲಾದದ್ದು ಅಳತೆಯೋ? ಅಂಕಿಗಳು ತಾವೇ ಇದನ್ನು ಹೇಳುವುದಿಲ್ಲ. 2003ರ ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ಶೋಯಬ್ ಅಖ್ತರ್ ಕೇಪ್‌ಟೌನಿನಲ್ಲಿ 161.3 ಕಿಲೋಮೀಟರು ಎಸೆದದ್ದು ದಾಖಲೆಯೆಂದು ಎಣಿಸಲ್ಪಟ್ಟಿದೆ. ಆದರೆ ಅವರು ಟೈಸನ್ನರಿಗಿಂತ 18 ಕಿಲೋಮೀಟರು ಬಲಶಾಲಿ ಎಂದು ಇದರಿಂದ ಹೇಳುವುದು ದುಡುಕಾದೀತು.

ನಿಯಮಗಳೂ ಸಲಕರಣೆಗಳೂ ಕಾಲಕಾಲಕ್ಕೆ ಬದಲಾಗುತ್ತವೆ. 1960ರ ದಶಕದವರೆಗೆ ಬೌಲರನ ಹಿಂಗಾಲನ್ನು ನೋಡಿ ನೋಬಾಲ್ ಕೊಡುತ್ತಿದ್ದರು. ಆ ಕಾಲನ್ನು ಎಳೆದುಕೊಂಡು ಮುಂದೆ ಸರಿದು, ದಾಂಡಿಗನಿಗೆ ಇನ್ನಷ್ಟು ಹತ್ತಿರದಿಂದ ಚೆಂಡು ಬಿಡುವವರೂ ಇದ್ದರು. ನಂತರ ಮುಂಗಾಲಿನ ನಿಯಮ ಬಂದಿತು. ಭರ್ಜಿ ಎಸೆತದಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 1984ರಲ್ಲಿ 104.80 ಮೀಟರು ಎಸೆದರು. ಭರ್ಜಿ ಮೈದಾನದಾಚೆಗೆ ಹೋಗುವ ಅಪಾಯ ಕಂಡು, 1986ರಿಂದ ಪುರುಷರ ಭರ್ಜಿಯ ಭಾರಕೇಂದ್ರವನ್ನು ಮುಂದಕ್ಕೆ ಸರಿಸಿ, ಅದು ಬೇಗ ನೆಲಕ್ಕಿಳಿಯುವಂತೆ ಮಾಡಿದರು. ನಮ್ಮ ನೀರಜ್ ಚೋಪ್ರಾ 2025ರಲ್ಲಿ ದೋಹಾದಲ್ಲಿ ಎಸೆದ 90.23 ಮೀಟರನ್ನು ಹೋನ್‌ರ ಎಸೆತದ ಪಕ್ಕದಲ್ಲಿಟ್ಟು ತೋಳುಗಳನ್ನು ತೂಗುವುದು ನ್ಯಾಯವಲ್ಲ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ದೂರಕ್ಕೆ ಎಸೆಯುವ ಕ್ವಾರ್ಟರ್‌ಬ್ಯಾಕ್ ಆಟಗಾರರ ಬಗ್ಗೆಯೂ ಇಂಥದೇ ಚರ್ಚೆಯಿದೆ. ಅಲ್ಲಿ 1930ರ ದಶಕದಲ್ಲಿ ಚೆಂಡನ್ನೇ ಸಣ್ಣದಾಗಿಸಿ, ಎಸೆಯಲು ಅನುಕೂಲ ಮಾಡಿಕೊಟ್ಟರು.

ಇದಕ್ಕಿಂತ ಮುಖ್ಯವಾದ ಪ್ರಶ್ನೆ: ಎಸೆತದ ಬಲವೆಲ್ಲ ತೋಳಿನದೇ? ಅಲ್ಲ. ಓಟದ ವೇಗವು ಮುಂಗಾಲು ಗಟ್ಟಿಯಾಗಿ ಊರಿದಾಗ ಸೊಂಟಕ್ಕೂ, ಸೊಂಟದ ತಿರುವಿನಿಂದ ಎದೆಗೂ ಭುಜಕ್ಕೂ, ಕೊನೆಯಲ್ಲಿ ಮಣಿಕಟ್ಟಿಗೂ ಸಾಗುತ್ತದೆ. ತೋಳು ಈ ಸರಪಳಿಯ ಕೊನೆಯ ಕೊಂಡಿಗಳಲ್ಲೊಂದು. ಕವಣೆಯ ಹಗ್ಗವು ತೋಳನ್ನು ಇನ್ನಷ್ಟು ಉದ್ದ ಮಾಡುವುದರಿಂದಲೇ ಕಲ್ಲು ಅಷ್ಟು ದೂರ ಹೋಗುತ್ತದೆ.

ನಮ್ಮ ಮೈಸೂರೇ ಇದಕ್ಕೆ ಎರಡು ನಿದರ್ಶನಗಳನ್ನು ಕೊಟ್ಟಿದೆ. 1969ರಲ್ಲಿ ಇಲ್ಲಿ ಹುಟ್ಟಿದ ಜಾವಗಲ್ ಶ್ರೀನಾಥ್ ಭಾರತದ ಅತಿವೇಗದ ಬೌಲರುಗಳಲ್ಲಿ ಒಬ್ಬರು. 1997ರಲ್ಲಿ ಅವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆ ಬಳಿಕ ಅವರು 1999ರಲ್ಲಿ ಕಲ್ಕತ್ತೆಯ ಟೆಸ್ಟ್ ಪಂದ್ಯದಲ್ಲಿ ಪಾಕಿಸ್ತಾನದ ವಿರುದ್ಧ 13 ವಿಕೆಟ್ಟುಗಳನ್ನು ಪಡೆದರು. ಒಟ್ಟು 67 ಟೆಸ್ಟುಗಳಲ್ಲಿ ಅವರದು 236 ವಿಕೆಟ್ಟು. ಇನ್ನೊಬ್ಬರು 1945ರಲ್ಲಿ ಮೈಸೂರಿನಲ್ಲೇ ಹುಟ್ಟಿದ ಬಿ. ಎಸ್. ಚಂದ್ರಶೇಖರ್. ಬಾಲ್ಯದಲ್ಲಿ ಬಂದ ಪೋಲಿಯೋದಿಂದ ಅವರ ಬಲತೋಳು ಸೊರಗಿಹೋಯಿತು. ಮೈದಾನದಲ್ಲಿ ಚೆಂಡನ್ನು ಹಿಂದಕ್ಕೆಸೆಯಲು ಅವರು ಎಡಗೈ ಬಳಸುತ್ತಿದ್ದರು. ಆದರೆ ಬೌಲಿಂಗ್ ಮಾಡುತ್ತಿದ್ದುದು ಆ ಸೊರಗಿದ ಬಲತೋಳಿನಿಂದಲೇ! ಸ್ಪಿನ್ ಬೌಲರಾಗಿದ್ದರೂ ಅವರ ಚೆಂಡು ಬಹು ಬಿರುಸಾಗಿ ಬರುತ್ತಿತ್ತು. 1971ರಲ್ಲಿ ಓವಲ್ ಮೈದಾನದಲ್ಲಿ ಅವರು 38 ರನ್ನುಗಳಿಗೆ 6 ವಿಕೆಟ್ಟು ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದರು; ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಸಲ ಟೆಸ್ಟ್ ಗೆದ್ದಿತು. 58 ಟೆಸ್ಟುಗಳಲ್ಲಿ ಅವರದು 242 ವಿಕೆಟ್ಟು. ಈ ಎರಡು ತೋಳುಗಳಲ್ಲಿ ಬಲವಾದದ್ದು ಯಾವುದೆಂದು ಯಾವ ರೇಡಾರ್ ಹೇಳೀತು?

ಹಾಗಾದರೆ ಹೋಲಿಕೆಯೇ ಬೇಡವೇ? ಬೇಕು, ಆದರೆ ಮೂರು ಕಟ್ಟುಪಾಡುಗಳಿರಲಿ. ಅಳತೆಯ ಬಗೆ ಒಂದೇ ಆಗಿರಬೇಕು. ಸಲಕರಣೆ, ನಿಯಮಗಳು ಒಂದೇ ಆಗಿರಬೇಕು. ಇವೆರಡೂ ಇಲ್ಲದಿದ್ದರೆ ಒಬ್ಬೊಬ್ಬನನ್ನೂ ಅವನ ಕಾಲದವರೊಡನೆಯೇ ತೂಗಬೇಕು. ತನ್ನ ಕಾಲದವರಲ್ಲಿ ಅವನು ಎಷ್ಟು ಮುಂದಿದ್ದನೆಂಬುದನ್ನು ಹೇಳಬಹುದು. ಅದರಾಚೆಗೆ ಹೇಳುವುದೆಲ್ಲ ಅಭಿಮಾನವೇ ಹೊರತು ಜ್ಞಾನವಲ್ಲ.

ದಸರಾ ರಜೆಯಲ್ಲಿ ಊರಿಗೆ ಹೋದಾಗ ತಾತನ ಕವಣೆ ಹಿಡಿದು ಅಟ್ಟಣೆ ಇದ್ದ ಜಾಗದಲ್ಲಿ ನಿಂತೆ. ಮೂರು ಸಲ ಬೀಸಿದರೂ ಕಲ್ಲು ಹಳ್ಳದವರೆಗೂ ಹೋಗಲಿಲ್ಲ. ಆಮೇಲೆ ಹುಣಸೆಮರದವರೆಗೆ ಹೆಜ್ಜೆ ಎಣಿಸಿದೆ. ನನ್ನ ಹೆಜ್ಜೆಯಲ್ಲಿ 130. ಬಂದು ತಾತನಿಗೆ ಹೇಳಿದೆ. ಅವರು ನಕ್ಕು, "ಆಗ ಮರ ಇಷ್ಟೆತ್ತರ ಇರ್ಲಿಲ್ಲ ಬುಡು" ಎಂದರು. ಅಳತೆಗೋಲೇ ಬೆಳೆದುಬಿಟ್ಟಿತ್ತು! ಇದನ್ನು ಅವರು ಮುಚ್ಚಿಡಲಿಲ್ಲ. ನಮ್ಮ ಮೈದಾನದ ವಾದಗಳಲ್ಲಿ ಇಷ್ಟು ಪ್ರಾಮಾಣಿಕತೆಯನ್ನು ನಾನು ಕಂಡಿಲ್ಲ.

ಈಗ ಆ ತೋಳು ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಅದರ ವೇಗವನ್ನು ಯಾವ ಯಂತ್ರವೂ ಬರೆದುಕೊಂಡಿಲ್ಲ, ಇನ್ನು ಬರೆದುಕೊಳ್ಳಲಾರದು. ಆದರೆ ಅದು ಕಾಯ್ದ ಬೆಳೆಯಿಂದ ನಮ್ಮ ಮನೆ ನಡೆಯಿತು. ಆ ಮನೆಯಿಂದ ಮೊದಲನೆಯವನಾಗಿ ನಾನು ಬಿ.ಎ. ತರಗತಿಗೆ ಬಂದೆ. ಅಳೆದ ತೋಳುಗಳು ಕೆಲವು, ಅಳೆಯದವು ಸಾವಿರಾರು. ಅಳತೆಗೆ ಸಿಕ್ಕದ ತೋಳನ್ನು ದುರ್ಬಲವೆನ್ನುವ ಮೊದಲು, "ಅಳ್ದೋರ್ಯಾರು?" ಎಂಬ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದು ಒಳ್ಳೆಯದು.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ