ಏಲಕ್ಕಿ ಹೂವಿಗೆ ಒಂದೇ ಹಗಲು

ಅಡಕೆ ಸಾಲಿನ ನಡುವೆಯೂ ಕಾಫಿ ತೋಟದ ತಂಪು ತಗ್ಗಿನಲ್ಲಿಯೂ ನಾವು ಏಲಕ್ಕಿ ಬೆಳೆಸುತ್ತೇವೆ. ಬುಡ ಹುಲುಸಾಗಿದೆ, ಹೂವೂ ಧಾರಾಳ, ಕಾಯಿ ಮಾತ್ರ ಕಚ್ಚಲಿಲ್ಲವೆಂದು ಸದಸ್ಯರು ಹೇಳುವುದುಂಟು. ಇದಕ್ಕೆ ಗೊಬ್ಬರದ ಕೊರತೆಯೊಂದೇ ಕಾರಣವಲ್ಲ.

ತುಟಿಯ ಮೇಲೆ ನೇರಳೆ ಗೆರೆಯಿರುವ ಈ ಬಿಳಿ ಹೂ ನಸುಕಿನಲ್ಲಿ ಅರಳಿ ಅದೇ ದಿನ ಬಾಡುತ್ತದೆ. ಗಂಡು ಹೆಣ್ಣು ಭಾಗಗಳೆರಡೂ ಒಂದೇ ಹೂವಿನಲ್ಲಿದ್ದರೂ ಪರಾಗವನ್ನು ಜೇನುನೊಣವೇ ಮುಟ್ಟಿಸಬೇಕು. ಅದಕ್ಕೆ ಬೆಳಗಿನ ಹೊತ್ತೇ ಸರಿಯಾದ ಕಾಲ. ಅದು ತಪ್ಪಿದರೆ ಆ ಹೂ ಉದುರಿತೆಂದೇ ಲೆಕ್ಕ.

ನಮ್ಮ ಮಲಬಾರ್ ಜಾತಿಯ ಹೂಗೊಂಚಲು ನೆಲದ ಮೇಲೆ ಹರಿಯುತ್ತದೆ. ದರಗಿನಡಿ ಹೂತ ಹೂ ಜೇನಿಗೆ ಸಿಗದು. ಆದುದರಿಂದ ಮೇ ತಿಂಗಳಲ್ಲಿ ಮಳೆ ಬಿದ್ದೊಡನೆ ಬುಡದ ದರಗನ್ನು ಬದಿಗೆ ಸರಿಸಬೇಕು. ಹೂ ತುಂಬಿರುವಾಗ ಕೀಟನಾಶಕ ಬೇಡ. ಥ್ರಿಪ್ಸ್ ಕಾಟ ಮೀರಿ ಸಿಂಪಡಿಸಲೇಬೇಕಾದರೆ ಮಧ್ಯಾಹ್ನದ ಮೇಲೆ ಸಿಂಪಡಿಸಬೇಕು. ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಯಿಟ್ಟು, ಮಳೆಗಾಲದಲ್ಲಿ ಸಕ್ಕರೆ ಪಾಕ ಕೊಟ್ಟು ಕಾಪಾಡುವುದು ಲೇಸು.

ಜೇನಿಗೆ ಬೇಲಿಯಿಲ್ಲ. ಒಬ್ಬರು ಬೆಳಿಗ್ಗೆ ಔಷಧಿ ಹೊಡೆದರೆ ನೆರೆತೋಟದ ಫಸಲಿಗೂ ನಷ್ಟ. ಅಕ್ಕಪಕ್ಕದ ಬೆಳೆಗಾರ ಬಂಧುಗಳು ಮಾತಾಡಿಕೊಂಡು ಸಿಂಪಡಣೆಯ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕೆಂದು ನಮ್ಮ ವಿನಂತಿ.