ವೈದ್ಯಕೀಯ ಪ್ರಯೋಗಾಲಯಗಳು ಮತ್ತು ಶುಲ್ಕಸಹಿತ ಡೈರೆಕ್ಟರಿ ನಮೂದು: ಅರ್ಜಿದಾರರಿಗೆ ಮಾಹಿತಿ

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಪ್ರಯೋಗಾಲಯ ನಡೆಸುವವರು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿ ಪಡೆಯುವುದು ಕಡ್ಡಾಯವಾಗಿರುತ್ತದೆ. ಶುಲ್ಕ ಪಾವತಿಸಿ ಡೈರೆಕ್ಟರಿಯಲ್ಲಿ ಹೆಸರು ಸೇರಿಸುವುದು ಜಾಹೀರಾತು ಮಾತ್ರ. ಅದು ನೋಂದಣಿಗೆ ಪರ್ಯಾಯವಲ್ಲ.

ವೈದ್ಯರನ್ನು ತಲುಪಲು ಇದು ಸಹಕಾರಿಯೇ?

ಭಾಗಶಃ ಮಾತ್ರ. ವಿಳಾಸ ಹಾಗೂ ದೂರವಾಣಿ ಸಂಖ್ಯೆ ಹುಡುಕುವ ರೋಗಿಗಳಿಗೆ ಇಂತಹ ನಮೂದು ಉಪಯುಕ್ತ. ವೈದ್ಯರಿಗಾದರೋ ವರದಿಯ ನಿಖರತೆ ಮತ್ತು ಸಕಾಲಿಕತೆಯೇ ಮುಖ್ಯ. ಆದುದರಿಂದ ನೋಂದಣಿ ಸಂಖ್ಯೆ, ಪರೀಕ್ಷೆಗಳ ಪಟ್ಟಿ, ದರ ಹಾಗೂ ವರದಿ ನೀಡುವ ಅವಧಿಯನ್ನು ಒಳಗೊಂಡ ಪರಿಚಯ ಪತ್ರವನ್ನು ಸಮೀಪದ ವೈದ್ಯರಿಗೆ ಖುದ್ದಾಗಿ ತಲುಪಿಸುವುದು ಸೂಕ್ತ. ಎನ್‌ಎಬಿಎಲ್ ಮಾನ್ಯತೆ ಇದ್ದಲ್ಲಿ ನಮೂದಿಸಬಹುದು.

ಗಮನಿಸಬೇಕಾದ ಅಂಶಗಳು:

1. ಹಣ ಪಾವತಿಸುವ ಮುನ್ನ ಒಪ್ಪಂದದ ಅವಧಿ, ನವೀಕರಣ ಮತ್ತು ರದ್ದತಿಯ ಷರತ್ತುಗಳನ್ನು ಲಿಖಿತವಾಗಿ ಪಡೆಯತಕ್ಕದ್ದು.

2. ವಿಚಾರಿಸಿದವರಿಗೆ ಮಾಹಿತಿ ಎಲ್ಲಿಂದ ದೊರೆಯಿತೆಂದು ಕೇಳಿ, ವೈದ್ಯರ ವಿಚಾರಣೆಗಳನ್ನು ಪ್ರತ್ಯೇಕವಾಗಿ ದಾಖಲಿಸುವುದು. ವೆಚ್ಚಕ್ಕೆ ತಕ್ಕ ಪ್ರಯೋಜನವಿಲ್ಲದಿದ್ದಲ್ಲಿ ನವೀಕರಿಸುವ ಅಗತ್ಯವಿರುವುದಿಲ್ಲ.

3. ರೋಗಿಗಳನ್ನು ಕಳುಹಿಸುವುದಕ್ಕಾಗಿ ವೈದ್ಯರು ಕಮಿಷನ್ ಪಡೆಯುವುದನ್ನು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆ ವಿನಿಯಮಗಳು ನಿಷೇಧಿಸಿವೆ. ಪ್ರಯೋಗಾಲಯಗಳು ಅಂತಹ ಕಮಿಷನ್ ನೀಡಕೂಡದು. ಅದರ ಹೊರೆ ಅಂತಿಮವಾಗಿ ರೋಗಿಯ ಮೇಲೆಯೇ ಬೀಳುತ್ತದೆ.